ಅಂಚಿನ ಮೇಲಿನ ಚಿಕ್ಕ ಕುಳಿ

ಚಂದ್ರನ ಮೇಲೆ ಒಂದು ಚಿಕ್ಕ ಕುಳಿಯಿದೆ. ಅದಕ್ಕೆ ಸ್ವಂತ ಹೆಸರಿಲ್ಲ. ಪಕ್ಕದ ದೊಡ್ಡ ಕುಳಿಯ ಹೆಸರಿನ ಮುಂದೆ ಒಂದು ಇಂಗ್ಲಿಷ್ ಅಕ್ಷರ ಸೇರಿಸಿ ನಕ್ಷೆಯಲ್ಲಿ ಅದನ್ನು ಗುರುತಿಸುತ್ತಾರೆ. ದೊಡ್ಡದರ ಅಂಚನ್ನು ಕಡಿದುಕೊಂಡು ಕೂತಿರುವ ಬಟ್ಟಲಿನಂಥ ಗುಂಡಿ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ದಾರಿಯ ಅರ್ಧದಷ್ಟು ಅಗಲವಿದ್ದೀತು. ನಾನು ಓದುವಾಗ ನಮ್ಮ ಪುಸ್ತಕದಲ್ಲಿ ಇಂಥವೆಲ್ಲ ಆರಿಹೋದ ಜ್ವಾಲಾಮುಖಿಗಳ ಬಾಯಿ ಎಂದಿತ್ತು. ನಾನು ಪಾಠ ಹೇಳುವ ಹೊತ್ತಿಗೆ, ಎಲ್ಲಿಂದಲೋ ಬಂದು ಬಡಿದ ಕಲ್ಲುಗಳ ಗುರುತು ಎಂದಾಗಿತ್ತು. ಮೊದಲನೆಯದನ್ನು ಪರೀಕ್ಷೆಯಲ್ಲಿ ಬರೆದೆ, ಎರಡನೆಯದನ್ನು ಬೋರ್ಡಿನ ಮೇಲೆ ಬರೆದೆ. ಬರೆಯುವಾಗ ಎರಡೂ ನಿಜವಾಗಿದ್ದವು.

ಎಂಬತ್ತರ ದಶಕದ ಮೊದಲ ವರ್ಷಗಳು. ಎರಡು ವರ್ಷ ಮಾಲೂರಿನಲ್ಲಿ ಕೆಲಸ ಮಾಡಿ ಆಗ ಕೋಲಾರದ ಒಂದು ಕಾಲೇಜಿಗೆ ಭೌತಶಾಸ್ತ್ರ ಹೇಳಲು ಬಂದಿದ್ದೆ. ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದರು. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಬರಲಿಲ್ಲವೆಂದು ಬೇಸರವೂ ಆಗಲಿಲ್ಲ. ಕಾಲೇಜಿನ ಬೀರುವಿನಲ್ಲಿ ಮೂರು ಇಂಚಿನ ಒಂದು ದೂರದರ್ಶಕವಿತ್ತು. ಸಂಜೆ ಕೋಣೆಗೆ ಹೋಗಿ ಮಾಡುವುದೇನೂ ಇಲ್ಲದ್ದರಿಂದ ಅದನ್ನು ಮಹಡಿಗೆ ಒಯ್ದು ಚಂದ್ರನನ್ನು ನೋಡುತ್ತಿದ್ದೆ. ಬೇರೇನನ್ನೂ ಹುಡುಕದೆ ಪ್ರತಿ ತಿಂಗಳೂ ಅದೇ ಚಿಕ್ಕ ಕುಳಿಯನ್ನು ನೋಡುತ್ತಿದ್ದೆನೆಂದು ನೆನಪು. ಇಷ್ಟು ಕುಳಿಗಳಿರುವಾಗ ಅದನ್ನೇ ಯಾಕೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಒಂದು ಉತ್ತರ ಸುಲಭವಾಗಿ ಹೊಳೆಯುತ್ತದೆ, ಆದರೆ ಅದು ಈಗ ಹೊಳೆದದ್ದು, ಆಗಿನದಲ್ಲ.

ನಮ್ಮ ಊರು ಮುಳಬಾಗಿಲು ತಾಲ್ಲೂಕಿನಲ್ಲಿ, ತಾಯಲೂರಿನ ಆಚೆ. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ. ರಾಗಿ, ಒಂದಿಷ್ಟು ತರಕಾರಿ, ಬಾವಿಯ ಪಕ್ಕದ ತುಂಡು ನೆಲದಲ್ಲಿ ಹಿಪ್ಪುನೇರಳೆ. ರೇಷ್ಮೆ ಹುಳ ಸಾಕುವುದು ಅಮ್ಮನ ಕೆಲಸ. ಆ ಮನೆಗೆ ಸೊಸೆಯಾಗಿ ಬಂದ ವರ್ಷವೇ ಅದನ್ನು ಅವಳು ಶುರುಮಾಡಿದ್ದಳಂತೆ. ಹುಳದ ಮನೆಯ ಬೀಗದ ಕೈ ಯಾವಾಗಲೂ ಅವಳ ಸೊಂಟದಲ್ಲಿರುತ್ತಿತ್ತು. ಸ್ನಾನ ಮಾಡದೆ ಯಾರೂ ಒಳಗೆ ಬರುವಂತಿರಲಿಲ್ಲ, ಅಪ್ಪನೂ ಕೂಡ. ಅಪ್ಪ ಹೋದ ಮೇಲೆ ಅಮ್ಮ ಮನೆಯಲ್ಲಿ ಮಾತು ಕಡಿಮೆ ಮಾಡಿದಳು. ಹುಳದ ತಟ್ಟೆಗಳಿಗೆ ಸೊಪ್ಪು ಹಾಕುವಾಗ ಮಾತ್ರ ಅವಳ ದನಿ ಕೇಳುತ್ತಿತ್ತು ಎಂದು ಅತ್ತಿಗೆ ಹೇಳುತ್ತಿದ್ದರು.

ಆ ವರ್ಷ ಯುಗಾದಿಯ ನಂತರ ಅಮ್ಮನ ಬಲಗಣ್ಣಿನ ಪೊರೆ ತೆಗೆಸಿದೆವು. ಮುಳಬಾಗಿಲಿನ ಒಂದು ಶಾಲೆಯಲ್ಲಿ ಕಣ್ಣಿನ ಕ್ಯಾಂಪ್ ಹಾಕಿದ್ದರು. ಅದೇ ಕ್ಯಾಂಪಿಗೆ ಅತ್ತಿಗೆಯ ತಾಯಿಯೂ ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಬಂದಿದ್ದರು. ಇಬ್ಬರು ಬೀಗಿತ್ತಿಯರೂ ಪಕ್ಕಪಕ್ಕದ ಚಾಪೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅಲ್ಲಾಡದೆ ಮಲಗಿದ್ದರು. ಕೆಮ್ಮಬಾರದು, ಬಗ್ಗಬಾರದು. ನಾನು ಒಂದು ಭಾನುವಾರ ಹೋಗಿ ನೋಡಿದಾಗ ಇಬ್ಬರೂ ಸೂರಿನ ಕಡೆ ಮುಖ ಮಾಡಿಕೊಂಡು, ಒಬ್ಬರು ತೆಲುಗಿನಲ್ಲಿ ಒಬ್ಬರು ಕನ್ನಡದಲ್ಲಿ, ಹುಣಸೆಹಣ್ಣಿನ ವಿಷಯ ಮಾತಾಡುತ್ತಿದ್ದರು. ಕೆಲವು ವಾರಗಳಾದ ಮೇಲೆ ಮತ್ತೆ ಕರೆಸಿ, ಗಾಜು ಹಾಕಿ ನೋಡಿ, ಮೇಜಿನ ಮೇಲಿನ ರಾಶಿಯಿಂದ ದಪ್ಪ ಗಾಜಿನ ಕಪ್ಪು ಕನ್ನಡಕಗಳನ್ನು ಕೊಟ್ಟರು. ಎಲ್ಲರಿಗೂ ಒಂದೇ ನಮೂನೆಯ ಕಪ್ಪು ಕಟ್ಟು. ಅವತ್ತು ನಾನು ಇರಲಿಲ್ಲ.

ಕನ್ನಡಕ ಬಂದರೂ ಅಮ್ಮನಿಗೆ ಸರಿಯಾಗಿ ಕಾಣಲಿಲ್ಲ. ಎಲ್ಲ ಮಂಜು ಎನ್ನುತ್ತಿದ್ದಳು, ಹತ್ತಿರ ಹಿಡಿದರೆ ಇನ್ನೂ ಮಂಜು. ನರ ಸತ್ತುಹೋಗಿದೆ, ಇನ್ನು ಏನು ಮಾಡಿದರೂ ಅಷ್ಟೇ ಎಂದು ಊರಿನವರು ತೀರ್ಮಾನಿಸಿದರು. ಕೋಲಾರಕ್ಕೆ ಬಾ, ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಎಂದೆ. "ಇನ್ನೇನ್ ನೋಡ್ತಾರೆ, ಬಿಡು" ಎಂದಳು. ನಾನೂ ಬಿಟ್ಟೆ.

ಹುಳ ಸಾಕುವವರಿಗೆ ಕೊನೆಯ ಎರಡು ದಿನ ಕಣ್ಣೇ ಎಲ್ಲ. ಗೂಡು ಕಟ್ಟಲು ಸಿದ್ಧವಾದ ಹುಳಕ್ಕೆ ಹಣ್ಣು ಹುಳ ಎನ್ನುತ್ತಾರೆ. ಅದು ಸೊಪ್ಪು ಬಿಡುತ್ತದೆ, ಮೈ ಸ್ವಲ್ಪ ಕುಗ್ಗಿ ದ್ರಾಕ್ಷಿಯ ಹಾಗೆ ಬೆಳಕು ಹಾಯುವಂತಾಗುತ್ತದೆ. ಸಾವಿರಾರು ಹುಳಗಳ ನಡುವೆ ಅಂಥವನ್ನು ಮಾತ್ರ ಆರಿಸಿ ತೆಗೆಯಬೇಕು. ಹಸಿಯದನ್ನು ತೆಗೆದರೆ ಗೂಡು ತೆಳ್ಳಗಾಗುತ್ತದೆ. ಹಣ್ಣನ್ನು ಬಿಟ್ಟರೆ ತಟ್ಟೆಯಲ್ಲೇ ನೂಲು ಸುತ್ತಿಕೊಂಡು ಹಾಳಾಗುತ್ತದೆ. ಕನ್ನಡಕ ಬಂದ ಮೇಲಿನ ಬೆಳೆಯಲ್ಲಿ ಅಮ್ಮ ಎರಡನ್ನೂ ಮಾಡಿದಳು. ಅತ್ತಿಗೆ ಒಬ್ಬರ ಕೈಲಿ ಸಾಗುವ ಕೆಲಸವಲ್ಲ ಅದು. ಅರ್ಧ ಬೆಳೆ ತಿಪ್ಪೆಗೆ ಹೋಯಿತು.

ದಸರಾ ರಜೆಗೆ ನಾನು ಊರಿಗೆ ಹೋದಾಗ ಅಣ್ಣ ಅಂಗಳದಲ್ಲೇ ಹೇಳಿದ:

"ಈ ಬೆಳೆ ನೋಡ್ತೀನಿ. ಅಮ್ಮನ ಕೈಲಾಗಲ್ಲ ಅಂದ್ರೆ ಹಬ್ಬ ಆದ್ಮೇಲೆ ಹಿಪ್ಪುನೇರಳೆ ಕಡ್ಡಿ ಎಲ್ಲಾ ಕಿತ್ತು ಟೊಮ್ಯಾಟೋ ಇಡ್ತೀನಿ. ನೀರೂ ಉಳಿಯತ್ತೆ."

ಅಮ್ಮ ಜಗಲಿಯ ಮೇಲಿದ್ದಳು. "ಇಡಪ್ಪ" ಎಂದಳು. ಅಷ್ಟೇ. ಸ್ವಲ್ಪ ಹೊತ್ತಿಗೆ ಎದ್ದು, ಗೋಡೆ ಸವರಿಕೊಂಡು ಹುಳದ ಮನೆಗೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡಳು. ಹುಳಗಳು ನಾಲ್ಕನೇ ಜ್ವರ ಎದ್ದಿದ್ದವು. ಸಿಪ್ಪೆ ಕಳಚುವ ಮೊದಲಿನ ಅವುಗಳ ನಿದ್ದೆಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅದು ಮುಗಿದರೆ ಇನ್ನು ಹಗಲೂ ಇರುಳೂ ತಿನ್ನುವುದು, ಆಮೇಲೆ ಹಣ್ಣಾಗುವುದು. ಹಬ್ಬ ಮುಗಿಯುವ ಹೊತ್ತಿಗೆ ಹಣ್ಣಾಗುತ್ತವೆ ಎಂದು ಅತ್ತಿಗೆ ಹೇಳಿದರು. ಅಮ್ಮನನ್ನು ಸಮಾಧಾನ ಮಾಡಬೇಕು ಎಂದು ನನಗೆ ಅನ್ನಿಸಿತು. ಅನ್ನಿಸಿದ್ದು ತಲೆಯಲ್ಲಿ. ಮೈ ಎದ್ದು ಹೋಗಲಿಲ್ಲ.

ದೂರದರ್ಶಕವನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ಊರಿಗೆ ತಂದಿದ್ದೆ. ರಜೆಯಲ್ಲಿ ಅದನ್ನು ಬಿಟ್ಟಿರಲಾರದೆ ತಂದೆನೋ, ಮನೆಯಲ್ಲಿ ಕೂತು ಮಾತಾಡುವುದನ್ನು ತಪ್ಪಿಸಿಕೊಳ್ಳಲು ತಂದೆನೋ ಗೊತ್ತಿಲ್ಲ. ಅಮ್ಮನ ಕಣ್ಣಿಗಾಗಿ ತಂದೆ ಎಂದು ಆಮೇಲೆ ಒಂದಿಬ್ಬರ ಹತ್ತಿರ ಹೇಳಿದ್ದುಂಟು. ಅದು ನಿಜವಲ್ಲ.

ಅಷ್ಟಮಿಯ ಸಂಜೆ ಅಂಗಳದಲ್ಲಿ ಅದನ್ನು ನಿಲ್ಲಿಸಿದೆ. ಅರ್ಧಚಂದ್ರ ನೆತ್ತಿಯಿಂದ ಸ್ವಲ್ಪ ಈಚೆಗಿದ್ದ. ಅರ್ಧಚಂದ್ರನ ದಿನ ಬೆಳಕು ಕತ್ತಲೆ ಸೇರುವ ಗೆರೆಯ ಮೇಲೆ ಕುಳಿಗಳ ನೆರಳು ಉದ್ದವಾಗಿ ಬೀಳುತ್ತದೆ. ನನ್ನ ಚಿಕ್ಕ ಕುಳಿ ಪೂರ್ತಿ ನೆರಳು ತುಂಬಿಕೊಂಡು ಕಪ್ಪಗಿತ್ತು.

ಅಣ್ಣ ಹೊಲದಿಂದ ಬಂದವನು ಕಾಲು ತೊಳೆಯುತ್ತ, "ಏನೇ, ಕಾಲೇಜಿಂದ ಫಿರಂಗಿ ಹೊತ್ಕೊಂಡ್ ಬಂದಿದೀಯಾ?" ಎಂದ.

"ನಾಳೆ ಆಯುಧಪೂಜೆ, ಇದಕ್ಕೂ ಕುಂಕುಮ ಇಡ್ಬೇಕಾ?" ಎಂದು ಅತ್ತಿಗೆ ಕೇಳಿದರು.

"ಗಾಜಿಗೆ ಬೇಡಿ ಅತ್ತಿಗೆ, ಕೊಳವೆಗೆ ಇಡಿ."

ಇಬ್ಬರೂ ನೋಡಿದರು. ಅಣ್ಣ "ಸುಣ್ಣದ ಗೋಡೆ ಇದ್ದಂಗದೆ" ಎಂದ. ಅತ್ತಿಗೆ "ನೀವೂ ಬನ್ನಿ ಅತ್ತೆ" ಎಂದು ಕರೆದರು.

"ನಂಗೇನ್ ಕಾಣತ್ತೆ. ನೀವ್ ನೋಡ್ರಿ."

"ಕಾಣ್ದಿದ್ರೆ ಬೇಡ, ಬನ್ನಿ."

ಅಮ್ಮ ಬಂದು ಮುಕ್ಕಾಲಿಯ ಮೇಲೆ ಕೂತಳು. ಕನ್ನಡಕ ಕೊಳವೆಗೆ ತಗುಲಿತು. ತೆಗಿ ಎಂದೆ. "ಡಾಕ್ಟ್ರು ತೆಗೀಬೇಡಿ ಅಂದವ್ರೆ" ಎಂದಳು. ಐದು ತಿಂಗಳಿಂದ ಮಲಗುವಾಗ ಬಿಟ್ಟರೆ ಅದನ್ನು ತೆಗೆದೇ ಇರಲಿಲ್ಲ. ಒಂದು ನಿಮಿಷ ಎಂದು ನಾನೇ ತೆಗೆದು ಅತ್ತಿಗೆಯ ಕೈಗೆ ಕೊಟ್ಟೆ. ಪೊರೆಯಿದ್ದ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಬಲಗಣ್ಣಿಟ್ಟಳು.

"ಬೆಳಕು ಅದೆ. ಹಾಲು ಚೆಲ್ದಂಗೆ."

ಅವಳ ಬೆರಳುಗಳನ್ನು ನೋಟ ಸರಿಮಾಡುವ ತಿರುಪಿನ ಮೇಲಿಟ್ಟು ತಿರುಗಿಸುತ್ತಾ ಇರು ಎಂದೆ. ಅವಳು ತಿರುಗಿಸಿದಳು. ಕಣ್ಣಿನ ಕಡೆಯ ಕೊಳವೆ ಮೆಲ್ಲಗೆ ಹೊರಗೆ ಬಂತು. ನನ್ನ ಕಣ್ಣಿಗೆ ಸರಿಯಾಗುವ ಜಾಗವನ್ನು ದಾಟಿ, ನಾನು ಊಹಿಸಿದ್ದ ಜಾಗವನ್ನೂ ದಾಟಿ ಬಂತು. ಚಂದ್ರ ನೋಟದಿಂದ ಜಾರಿದ. "ಓಡ್ಹೋಯ್ತು" ಎಂದಳು. ಮತ್ತೆ ಹಿಡಿದುಕೊಟ್ಟೆ. ಊಟಕ್ಕೆ ಏಳಬೇಕು, ಇದು ಬೇಗ ಮುಗಿದರೆ ಸಾಕು ಎಂದುಕೊಳ್ಳುತ್ತಿದ್ದೆ. ಅದು ಚೆನ್ನಾಗಿ ನೆನಪಿದೆ.

ಅಮ್ಮನ ಬೆರಳು ನಿಂತಿತು.

"ಗುಂಡಿ" ಎಂದಳು.

"ಯಾವ ಗುಂಡಿ?"

"ಬೇಕಾದಷ್ಟವೆ. ಇಲ್ಲೊಂದು ದೊಡ್ಡದು. ಅದರ ಅಂಚಿನ್ ಮೇಲೆ ಇನ್ನೊಂದು, ಚಿಕ್ಕದು. ಒಳಗೆಲ್ಲ ಕಪ್ಪು. ಊಜಿ ಕಚ್ಚಿದ ಹುಳದ ಮೈ ಮೇಲಿರತ್ತಲ್ಲ ಚುಕ್ಕೆ, ಹಂಗದೆ ಕಣೇ."

ಊಜಿ ಎಂದರೆ ಆ ವರ್ಷಗಳಲ್ಲಿ ನಮ್ಮ ಕಡೆಗೆ ಹೊಸದಾಗಿ ಬಂದಿದ್ದ ನೊಣ. ಹುಳದ ಮೇಲೆ ಮೊಟ್ಟೆಯಿಡುತ್ತದೆ, ಅಲ್ಲಿ ಒಂದು ಕಪ್ಪು ಕಲೆಯಾಗುತ್ತದೆ, ಹುಳ ಸಾಯುತ್ತದೆ.

"ನಂಗೆ ಕಾಣ್ಲೇ ಇಲ್ವಲ್ಲ ಅದು!" ಎಂದ ಅಣ್ಣ.

"ನಿಂಗೆ ಯಾವಾಗ ಏನ್ ಕಂಡಿತ್ತು, ಬಿಡ್ಲಾ" ಎಂದಳು ಅಮ್ಮ, ಕೊಳವೆಯಿಂದ ಕಣ್ಣು ತೆಗೆಯದೆ. ಅತ್ತಿಗೆ ಜೋರಾಗಿ ನಕ್ಕರು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ಹಾಗೆ ನಕ್ಕದ್ದು ಅದೇ ಮೊದಲಿರಬೇಕು. ನಾನು ನಗಲಿಲ್ಲ. ಒಳಗೆ ಎಲ್ಲೋ ಒಂದು ಲೆಕ್ಕ ಶುರುವಾಗಿತ್ತು.

ಇಲ್ಲಿ ನಿಲ್ಲಬೇಕು. ಆ ಚಿಕ್ಕ ಕುಳಿಯ ವಿಷಯವನ್ನು ನಾನು ಅಮ್ಮನಿಗೆ ಮೊದಲೇ ಹೇಳಿದ್ದೆನೇ? ಹೇಳಿರಲಿಲ್ಲ ಎಂದು ನನ್ನ ನಂಬಿಕೆ. ಆಗ ಮನೆಯಲ್ಲಿ ನಾನು ಯಾವ ವಿಷಯವನ್ನೂ ಹೇಳುತ್ತಿರಲಿಲ್ಲ, ಆದ್ದರಿಂದ ಇದನ್ನೂ ಹೇಳಿರಲಾರೆ. ಊಜಿಯ ಮಾತನ್ನು ಆಡಿದ್ದು ಅಮ್ಮನೇ, ಅಥವಾ ಆಮೇಲೆ ಈ ಕತೆಯನ್ನು ನೂರು ಸಲ ಹೇಳಿದ ಅತ್ತಿಗೆ ಅದನ್ನು ಸೇರಿಸಿದರೇ? ಆ ದಿನದ ನನ್ನ ದಿನಚರಿಯಲ್ಲಿರುವುದು "ಆಕಾಶ ಶುಭ್ರ" ಎಂದು ಮಾತ್ರ. ಕಂಡದ್ದಂತೂ ನಿಜ, ಯಾಕೆಂದರೆ ಅದರ ಗುರುತು ಕೊಳವೆಯ ಮೇಲಿತ್ತು. ಅಮ್ಮ ಎದ್ದ ಕೂಡಲೇ ಅವಳು ನಿಲ್ಲಿಸಿದ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದೆ. ಆಮೇಲೆ ನನ್ನ ಕಣ್ಣಿಗೆ ಸರಿಮಾಡಿಕೊಂಡು ಇನ್ನೊಂದು ಗೆರೆ.

ಕಣ್ಣಿನ ನರ ಸತ್ತಿದ್ದರೆ ಅಷ್ಟು ಚಿಕ್ಕ ಕಪ್ಪು ಚುಕ್ಕೆ ಕಾಣುವುದು ಸಾಧ್ಯವಿರಲಿಲ್ಲ. ಕಣ್ಣು ಚೆನ್ನಾಗಿದೆ. ಅದರ ಮುಂದಿಟ್ಟ ಗಾಜು ಸರಿಯಿಲ್ಲ. ಕೊಳವೆ ಎಷ್ಟು ಹೊರಗೆ ಬಂದಿದೆ ಎನ್ನುವುದರಿಂದ ಆ ಕಣ್ಣಿಗೆ ಎಂಥ ಕನ್ನಡಕ ಬೇಕೆಂದು ಲೆಕ್ಕ ಹಾಕಬಹುದು. ಮರುದಿನ ಬೆಳಿಗ್ಗೆ ಅಮ್ಮನ ಕನ್ನಡಕವನ್ನು ಬಿಸಿಲಿಗೆ ಹಿಡಿದು, ಬೆಳಕು ಚುಕ್ಕೆಯಾಗುವ ದೂರವನ್ನು ಗೋಡೆಯ ಮೇಲೆ ಅಳೆದೆ. ಅಮ್ಮನ ಕಣ್ಣು ಕೇಳಿದ್ದಕ್ಕಿಂತ ಆ ಗಾಜಿನ ಶಕ್ತಿ ಸಾಕಷ್ಟು ಕಡಿಮೆಯಿತ್ತು. ರಟ್ಟಿಗೆ ಸೂಜಿಯಿಂದ ತೂತು ಮಾಡಿ ಅದರಲ್ಲಿ ನೋಡಿಸಿದ್ದರೂ ಕಣ್ಣು ಚೆನ್ನಾಗಿದೆಯೆಂದು ತಿಳಿಯುತ್ತಿತ್ತು ಎಂದು ಎಷ್ಟೋ ವರ್ಷದ ಮೇಲೆ ಡಾಕ್ಟರೊಬ್ಬರು ಹೇಳಿದರು. ಚಂದ್ರ ಬೇಕಿರಲಿಲ್ಲ.

ಸ್ನಾನ ಮಾಡಿ ಹುಳದ ಮನೆಗೆ ಹೋದೆ. ಸಾವಿರಾರು ಹುಳಗಳು ಸೊಪ್ಪು ತಿನ್ನುವ ಸದ್ದು, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ. ಅಮ್ಮ, ಅತ್ತಿಗೆ ಇಬ್ಬರೂ ಸೊಪ್ಪು ಹಾಕುತ್ತಿದ್ದರು.

"ಅಮ್ಮ, ಈ ಕನ್ನಡಕ ನಿನ್ನ ಕಣ್ಣಿಗೆ ಕೊಟ್ಟಿದ್ದಲ್ಲ."

"ಅಲ್ಲ" ಎಂದಳು ಅಮ್ಮ.

"ಮತ್ತೆ ಯಾರದು?" ಎಂದೆ.

"ಬೀಗಿತ್ತೀದು."

ಅತ್ತಿಗೆ ಸೊಪ್ಪಿನ ಬುಟ್ಟಿ ಕೆಳಗಿಟ್ಟರು. "ನಮ್ಮಮ್ಮಂದಾ? ಅದ್ಹೆಂಗೆ ಅತ್ತೆ?"

"ಕ್ಯಾಂಪಿಂದ ಬರೋವಾಗ ಬಸ್ಸಲ್ಲಿ. ನಿಮ್ಮಮ್ಮನೂ ಅವತ್ತು ನಮ್ಮನೇಗೇ ಬಂದ್ರಲ್ಲ. ನೀನು ಮುಂದಿನ ಸೀಟಲ್ಲಿದ್ದೆ. ನಿಮ್ಮಮ್ಮ ತನ್ನದು ಮೂಗು ಒತ್ತತ್ತೆ ಅಂದ್ರು. ನಂದು ಹಾಕ್ಕೊಂಡ್ ನೋಡಿದ್ರು. ‘ವದಿನಾ, ನೀದಿ ಮೆತ್ತಗಾ ಉಂದಿ’ ಅಂದ್ರು. ಇಟ್ಕೊಳಿ ಅಂದೆ. ಹೆಣ್ಣು ಕೊಟ್ಟೋರು. ನಿಮ್ಮದು ಮೆತ್ತಗದೆ ಅಂತ ಬಾಯ್ಬಿಟ್ಟು ಹೇಳಿದ್ಮೇಲೆ ಇಲ್ಲ ಅಂತ ಕಿತ್ಕೊಳಕ್ಕಾಗತ್ತಾ?"

"ಅಯ್ಯೋ ನಮ್ಮತ್ತೆ! ಕನ್ನಡಕ ಏನು ಕುಪ್ಪಸದ ಬಟ್ಟೇನಾ, ಬೀಗಿತ್ತಿಗೆ ಕೊಡಕ್ಕೆ?"

"ಎಲ್ಲಾ ಒಂದೇ ರಾಶೀಲಿದ್ವು. ಒಂದೇ ತರ ಇದ್ವು. ಬೇರೆಬೇರೆ ಅಂತ ಯಾರ್ಗ್ ಗೊತ್ತು?"

"ನಮ್ಮಮ್ಮನೂ ಸರಿಯಾಗಿ ಕಾಣಲ್ಲ ಅಂತಾನೇ ಹೇಳ್ತಾವ್ಳೆ. ಹತ್ತಿರದ್ದು ಕಾಣತ್ತೆ, ದಾರಿ ಕಾಣಲ್ಲ ಅಂತ. ಹೋದ ತಿಂಗಳು ಎಮ್ಮೆ ಮೇಲೇ ಹೋಗಿ ಬಿದ್ಳಂತೆ."

ಅಮ್ಮನಿಗೆ ಗೊತ್ತಿರಲಿಲ್ಲವೇ? ಬೇರೆ ಎಂದು ಯಾರಿಗೆ ಗೊತ್ತು ಎಂದಳು. ಆದರೆ ನಾನು ಕೇಳಿದ ಕೂಡಲೇ, ಒಂದು ಕ್ಷಣವೂ ಯೋಚಿಸದೆ, ಬೀಗಿತ್ತಿಯದು ಎಂದಳು. ಆ ಎರಡು ಮಾತುಗಳ ನಡುವೆ ಏನಿತ್ತೋ ನನಗೆ ಇಂದಿಗೂ ತಿಳಿಯದು. ಅವಳು ಬದುಕಿರುವಾಗ ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದ್ದರೂ ಅವಳು ಆಗ ಏನು ನೆನಪಿಟ್ಟುಕೊಂಡಿದ್ದಳೋ ಅದನ್ನು ಹೇಳುತ್ತಿದ್ದಳು.

"ಹೋಗಿ ಈಸ್ಕೊಂಡ್ ಬರೋಣ" ಎಂದೆ.

"ಕೊಟ್ಟಿದ್ದನ್ನ ವಾಪಸ್ ಕೇಳದಾ? ಬೀಗರ ಮನೇಲಿ? ಸೊಪ್ಪಿನ ತೋಟ ಹೋದ್ರೆ ಹೋಗ್ಲಿ, ನಾನ್ ಕೇಳಲ್ಲ" ಎಂದಳು ಅಮ್ಮ. ಮತ್ತೆ ಸೊಪ್ಪು ಹರಡತೊಡಗಿದಳು, ಅಂಚಿನಿಂದ ಅಂಚಿಗೆ, ಕೈಯಿಂದ ಮುಟ್ಟಿಮುಟ್ಟಿ.

ದಾರಿ ಹುಡುಕಿದ್ದು ಅತ್ತಿಗೆ. ವಿಜಯದಶಮಿಗೆ ಬನ್ನಿ ಕೊಡಲು ಹಿರಿಯರ ಮನೆಗೆ ಹೋಗುವುದುಂಟಲ್ಲ. "ಕೇಳಕ್ಕಲ್ಲ ಅತ್ತೆ, ಬನ್ನಿ ಕೊಡಕ್ಕೆ. ಅದಕ್ಕೂ ಬೇಡ ಅಂತೀರಾ?" ಅದಕ್ಕೆ ಬೇಡ ಎನ್ನಲು ಅಮ್ಮನಿಗೆ ಆಗಲಿಲ್ಲ. ಸೊಪ್ಪು ಹಾಕಲು ಅಣ್ಣ ಉಳಿದ. ದಶಮಿಯ ಬೆಳಿಗ್ಗೆ ನಾವು ಮೂವರು ತಾಯಲೂರಿಗೆ ನಡೆದು, ಮುಳಬಾಗಿಲಿನಲ್ಲಿ ಬಸ್ಸು ಬದಲಾಯಿಸಿ, ಶ್ರೀನಿವಾಸಪುರದಲ್ಲಿ ಮತ್ತೊಮ್ಮೆ ಬದಲಾಯಿಸಿ ಹೋದೆವು. ದಾರಿಯುದ್ದಕ್ಕೂ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಏನು ಕಾಣುತ್ತಿತ್ತೋ.

ಅತ್ತಿಗೆಯ ತಾಯಿ ಬಾಗಿಲಲ್ಲಿ ನಿಂತು, ನಾವು ಹತ್ತಿರ ಬರುವವರೆಗೂ ಯಾರೆಂದು ತಿಳಿಯದೆ, "ಎವರಮ್ಮಾ ಅದಿ?" ಎಂದು ಕೂಗುತ್ತಿದ್ದರು. ತಿಳಿದ ಮೇಲೆ "ವದಿನಾ! ಬನ್ನಿ ಬನ್ನಿ" ಎಂದು ಅಮ್ಮನ ಎರಡೂ ಕೈ ಹಿಡಿದುಕೊಂಡರು. ಬನ್ನಿ ಕೊಟ್ಟದ್ದಾಯಿತು, ಹೋಳಿಗೆಯ ಊಟವಾಯಿತು. ಕನ್ನಡಕದ ಮಾತನ್ನು ಯಾರೂ ಎತ್ತಲಿಲ್ಲ. ಊಟದ ಮೇಲೆ ಇಬ್ಬರೂ ನಡುಮನೆಯ ಚಾಪೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ಅತ್ತಿಗೆ ಬಂದರು.

"ಎಷ್ಟು ಕೊಳೆ ಹಿಡಿದವೆ ನಿಮ್ಮ ಕನ್ನಡಕ! ಕೊಡಿ ಇಲ್ಲಿ, ಸೋಪ್ ಹಾಕಿ ತೊಳ್ಕೊಂಡ್ ಬರ್ತೀನಿ. ಕೊಡಮ್ಮ, ನೀನೂನೂ."

ಎರಡನ್ನೂ ತೆಗೆದುಕೊಂಡು ಹಿತ್ತಿಲಿಗೆ ಹೋದರು. ನೀರು ಸುರಿದ ಸದ್ದು ಕೇಳಿತು. ಸೆರಗಿನಲ್ಲಿ ಒರೆಸುತ್ತ ಬಂದು, ಅಮ್ಮನದನ್ನು ತಮ್ಮ ತಾಯಿಗೂ ತಾಯಿಯದನ್ನು ಅಮ್ಮನಿಗೂ ಹಾಕಿ, "ಹಾಂ, ಈಗ ಸರಿ" ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಅತ್ತಿಗೆಯ ತಾಯಿ ಮೂಗಿನ ಮೇಲೆ ಕಟ್ಟನ್ನು ಒಮ್ಮೆ ಒತ್ತಿ ನೋಡಿಕೊಂಡರು. "ಮೂಗು..." ಎಂದು ಶುರುಮಾಡಿದರು. ಆಗ ಅವರ ಕಣ್ಣು ಬಾಗಿಲಾಚೆಗೆ, ಅಂಗಳ ದಾಟಿ, ಬೀದಿಯ ಆ ಕಡೆಯ ಮನೆಯ ಮೇಲೆ ಹೋಯಿತು. ಅಲ್ಲಿ ಯಾರೋ ಮೊರದಲ್ಲಿ ಏನನ್ನೋ ಕೇರುತ್ತಿದ್ದರು. ಅದನ್ನೇ ನೋಡುತ್ತಾ ಕೂತರು.

"ತೊಳೆದ್ರೆ ಎಷ್ಟು ಚೆನ್ನಾಗಿ ಕಾಣತ್ತೆ ವದಿನಾ" ಎಂದರು ಕೊನೆಗೆ. "ಈ ಹುಡುಗಿ ಇಲ್ಲಿದ್ದಿದ್ರೆ ಐದು ತಿಂಗಳ ಹಿಂದೇನೇ ತೊಳ್ದಿರೋಳು."

"ಹೌದು" ಎಂದಳು ಅಮ್ಮ.

ಬಂದ ದಾರಿಯಲ್ಲೇ ಮರಳಿದೆವು. ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ನನ್ನನ್ನು ನೋಡಿ, "ಇಷ್ಟೊಂದು ಸೊರಗಿದೀಯಲ್ಲೇ" ಎಂದಳು. ಬಸ್ಸು ಬಂತು ಎಂದೆ.

ಎರಡು ದಿನದ ಮೇಲೆ ಹುಳ ಹಣ್ಣಾದವು. ಬೆಳಿಗ್ಗೆ ಅಮ್ಮ ಬಾಗಿಲ ಬೆಳಕಿಗೆ ಒಂದು ತಟ್ಟೆಯನ್ನು ಎಳೆದುಕೊಂಡು ಕೂತಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡಳು. ಹಾಗೆ ಇಳಿಸಿಕೊಂಡರೆ ಹತ್ತಿರದ್ದು ಕಾಣುತ್ತದೆ ಎಂಬುದನ್ನು ನಾನು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವಳೇ ಇಳಿಸಿಕೊಂಡಿದ್ದಳು. ಮೊದಲ ಹುಳವನ್ನು ಎತ್ತಿ ಬೆಳಕಿಗೆ ಹಿಡಿದಳು, ಹಾಕಿದಳು. ಇನ್ನೊಂದು. ಆಮೇಲೆ ಬೆಳಕಿಗೆ ಹಿಡಿಯುವುದನ್ನು ಬಿಟ್ಟಳು. ಅವಳ ಕೈ ತಟ್ಟೆಗೂ ಚಂದ್ರಿಕೆಗೂ ಓಡಾಡತೊಡಗಿತು. ಚಂದ್ರಿಕೆಯೆಂದರೆ ಹುಳ ಗೂಡು ಕಟ್ಟಲು ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿ ಮಾಡಿದ ಚಾಪೆ. ಒಂದು ತುಂಬಿತು, ಅತ್ತಿಗೆ ಇನ್ನೊಂದು ಇಟ್ಟರು. ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ಸಂತೋಷ ಆಗಬೇಕಾದ ಜಾಗ ಗೊತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಆದರೂ ನಾನು ಅಲ್ಲಿಂದ ಹೋಗಲಿಲ್ಲ. ಮಧ್ಯಾಹ್ನದವರೆಗೂ ನಿಂತಿದ್ದೆ. ಅದಕ್ಕೆ ಏನೆನ್ನಬೇಕೋ ತಿಳಿಯದು.

ಅಣ್ಣ ಎರಡು ಸಲ ಬಾಗಿಲವರೆಗೆ ಬಂದು ಹೋಗಿದ್ದ. ಮೂರನೆಯ ಸಲ ಬಂದವನು ಸ್ನಾನ ಮಾಡಿರಲಿಲ್ಲವಾದ್ದರಿಂದ ಹೊಸ್ತಿಲಾಚೆಯೇ ನಿಂತು, ತುಂಬಿದ ಚಂದ್ರಿಕೆಗಳ ಕಡೆ ಕತ್ತು ಚಾಚಿ ನೋಡಿದ. ಬಹಳ ಹೊತ್ತು ನೋಡಿದ. ಹಸಿ ಹುಳ ಸಿಗುತ್ತದೆಯೇ ಎಂದು ಹುಡುಕುತ್ತಿದ್ದಿರಬೇಕು.

ಅಮ್ಮ ತಲೆಯೆತ್ತದೆ, "ಅಲ್ಲೇನ್ ನಿಂತಿದೀಯೋ" ಎಂದಳು. "ಚಂದ್ರಿಕೆ ಸಾಲ್ದು. ಪಕ್ಕದ ಮನೇಲಿ ನಾಕು ಈಸ್ಕೊಂಡ್ ಬಾ. ಅವ್ರ ಹುಳ ಇನ್ನೂ ಎರಡನೇ ಜ್ವರದಲ್ಲವೆ."

ಅಣ್ಣ ಟೊಮ್ಯಾಟೋ ಮಾತನ್ನು ಎತ್ತುತ್ತಾನೆಂದು ನಾನೂ ಅತ್ತಿಗೆಯೂ ಅವನ ಮುಖ ನೋಡಿದೆವು. ಅವನು ಹೆಗಲ ಟವಲು ತೆಗೆದು ತಲೆಗೆ ಸುತ್ತಿಕೊಂಡ, ಚಂದ್ರಿಕೆ ಹೊರಲು.

"ನಾಕು ಸಾಕಾ?" ಎಂದ.

"ಆರು ತಾ" ಎಂದಳು ಅಮ್ಮ.